ರಿಸೀಟ್ ಇದೆ, ಕೆಲಸ ಮಾಡುವಂತಿಲ್ಲ: ಗ್ರೀನ್ ಕಾರ್ಡ್ ಸಾಲಿನಲ್ಲಿ ಇಎಡಿ ನವೀಕರಣದ ಹೊಸ ಲೆಕ್ಕ

ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ, ಅಂದರೆ ಕಾಯಂ ವಾಸದ ಅನುಮತಿಗೆ, ಕಾಯುವವರಿಗೆ ಕೆಲಸ ಮಾಡಲು ಕೊಡುವ ಅನುಮತಿ ಕಾರ್ಡೇ ಇಎಡಿ. ಅದರ ಮುಖದ ಮೇಲೆ ಅದು ಮುಗಿಯುವ ತಾರೀಖು ಇರುತ್ತದೆ. ಕೆಲವು ವರ್ಷ ಆ ತಾರೀಖಿಗೆ ಯಾರೂ ಅಷ್ಟಾಗಿ ಹೆದರುತ್ತಿರಲಿಲ್ಲ. ನವೀಕರಣಕ್ಕೆ ಅರ್ಜಿ ಹಾಕುತ್ತಿದ್ದರು, ರಿಸೀಟ್ ಬರುತ್ತಿತ್ತು. ಹಳೆಯ ಕಾರ್ಡ್ ಮತ್ತು ಹೊಸ ರಿಸೀಟ್ ಎರಡನ್ನೂ ಎಚ್‌ಆರ್ ಕೈಗೆ ಕೊಟ್ಟರೆ ಕೆಲಸ ನಿಲ್ಲದೆ ಮುಂದುವರಿಯುತ್ತಿತ್ತು. ಹೊಸ ಕಾರ್ಡ್ ಬರುವುದು ಆರು ತಿಂಗಳು ತಡವಾದರೂ ಸಂಬಳ ನಿಲ್ಲುತ್ತಿರಲಿಲ್ಲ.

2025ರ ಅಕ್ಟೋಬರ್ 30ರಿಂದ ಈ ವ್ಯವಸ್ಥೆ ಇಲ್ಲ. ಅಂದಿನಿಂದ ನವೀಕರಣಕ್ಕೆ ಅರ್ಜಿ ಹಾಕಿದವರಿಗೆ ರಿಸೀಟ್ ಬರುತ್ತದೆ, ಆದರೆ ಅದನ್ನು ತೋರಿಸಿ ಕೆಲಸ ಮಾಡಲು ಆಗುವುದಿಲ್ಲ. ಹೊಸ ಕಾರ್ಡ್ ಬರುವ ಮುಂಚೆ ಹಳೆಯದರ ತಾರೀಖು ಮುಗಿದರೆ ಮರುದಿನವೇ ಕೆಲಸ ನಿಲ್ಲಿಸಬೇಕು. ಅರ್ಜಿಯನ್ನು ಸರಿಯಾದ ಸಮಯಕ್ಕೆ ಹಾಕಿದ್ದರೂ ಅಷ್ಟೆ. ತಡ ಸರ್ಕಾರದ ಕಡೆಯಿಂದಲೇ ಆಗಿದ್ದರೂ ಅಷ್ಟೆ.

ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ಸಾವಿರಾರು ಭಾರತೀಯ ಮನೆಗಳ ತಿಂಗಳ ಖರ್ಚು, ಮನೆ ಸಾಲ, ಆರೋಗ್ಯ ವಿಮೆ ಎಲ್ಲವೂ ಈ ಪುಟ್ಟ ಕಾರ್ಡಿಗೆ ಅಂಟಿಕೊಂಡಿವೆ. ಅದಕ್ಕೇ ಈ ಬದಲಾವಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಇದು ಎಲ್ಲಿಂದ ಬಂತು, ಯಾರಿಗೆ ಹೆಚ್ಚು ತಟ್ಟುತ್ತದೆ, ಕೈಯಲ್ಲಿ ಇನ್ನೂ ಏನು ಉಳಿದಿದೆ ಎಂಬುದು ಗೊತ್ತಿದ್ದರೆ ಮುಂದಿನ ಹೆಜ್ಜೆ ಇಡುವುದು ಸುಲಭ.

ಇಷ್ಟು ವರ್ಷ ಕಾಯುವುದಾದರೂ ಯಾಕೆ?

ಊರಲ್ಲಿರುವ ಅಪ್ಪ ಅಮ್ಮ ಫೋನಿನಲ್ಲಿ ಕೇಳುವ ಪ್ರಶ್ನೆ ಇದು. "ಅರ್ಜಿ ಹಾಕಿ ಐದು ವರ್ಷ ಆಯ್ತಲ್ಲ, ಇನ್ನೂ ಬರಲಿಲ್ವಾ?" ಉತ್ತರ ಚಿಕ್ಕದೇನಲ್ಲ.

ಕೆಲಸದ ಮೂಲಕ ಗ್ರೀನ್ ಕಾರ್ಡ್ ಪಡೆಯುವವರಿಗೆ ಸಾಮಾನ್ಯವಾಗಿ ಮೂರು ಮೆಟ್ಟಿಲು. ಮೊದಲು ಕಂಪನಿ ಕಾರ್ಮಿಕ ಇಲಾಖೆಯಿಂದ ಪರ್ಮ್ ಒಪ್ಪಿಗೆ, ಅಂದರೆ ಆ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಎಂಬ ಪ್ರಮಾಣಪತ್ರ, ತರಬೇಕು. ಆಮೇಲೆ ಕಂಪನಿ ಉದ್ಯೋಗಿಯ ಪರವಾಗಿ ವಲಸೆ ಇಲಾಖೆಗೆ ಹಾಕುವ ಐ-140 ಅರ್ಜಿ. ಕೊನೆಗೆ ಅಭ್ಯರ್ಥಿಯೇ ಹಾಕುವ ಗ್ರೀನ್ ಕಾರ್ಡ್ ಅರ್ಜಿ, ಐ-485. ಪರ್ಮ್‌ಗೆ ಅರ್ಜಿ ಹಾಕಿದ ದಿನವೇ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಿಮ್ಮ ಜಾಗ. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡಬಹುದು ಎಂದು 1990ರ ವಲಸೆ ಕಾಯ್ದೆ ಹೇಳುತ್ತದೆ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಈ ಲೆಕ್ಕದೊಳಗೇ ಬರುತ್ತಾರೆ. ಅದರ ಮೇಲೆ ಒಂದೊಂದು ದೇಶಕ್ಕೆ ಶೇಕಡ 7ರ ಮಿತಿ ಬೇರೆ. ಪುಟ್ಟ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಸಾಲು ಬೆಳೆಯದೆ ಇನ್ನೇನಾಗುತ್ತದೆ?

ಇಲ್ಲಿ ಇನ್ನೊಂದು ಸಿಕ್ಕು ಇದೆ. ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ಐ-485 ಹಾಕಲು, ಇನ್ನೊಂದು ಗ್ರೀನ್ ಕಾರ್ಡ್ ಕೈಗೆ ಕೊಡಲು. ಪಟ್ಟಿಯಲ್ಲಿರುವ ತಾರೀಖಿಗಿಂತ ಮುಂಚಿನ ಪ್ರಯಾರಿಟಿ ಡೇಟ್ ಇದ್ದವರಿಗೆ ಸರದಿ ಬಂದಂತೆ. ಮೊದಲ ಪಟ್ಟಿ ಕೆಲವು ಸಲ ತುಂಬಾ ಮುಂದೆ ಓಡುತ್ತದೆ. 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಕೆಲಸದ ಆಧಾರದ ಗ್ರೀನ್ ಕಾರ್ಡ್‌ಗಳನ್ನು ಇಬಿ-1, ಇಬಿ-2, ಇಬಿ-3 ಹೀಗೆ ವರ್ಗ ಮಾಡಿದ್ದಾರೆ; ಭಾರತದ ಇಬಿ-3ಯಲ್ಲಿ ಅರ್ಜಿ ಹಾಕುವ ತಾರೀಖು 2015ರ ಜನವರಿ 1ಕ್ಕೆ ಬಂತು. 2012, 2013, 2014ರ ಡೇಟ್ ಇದ್ದವರು ರಾತ್ರಿ ಹಗಲು ಕೂತು ಕಾಗದ ಜೋಡಿಸಿ ಐ-485 ಹಾಕಿದರು. ಇಬಿ-2ರಲ್ಲಿದ್ದವರು ಅದಕ್ಕಾಗಿಯೇ ಇಬಿ-3ಕ್ಕೆ ಇಳಿದರು. ಆಮೇಲೆ ತಾರೀಖು ಹಿಂದಕ್ಕೂ ಸರಿಯಿತು. 2025ರ ಡಿಸೆಂಬರ್ ಬುಲೆಟಿನ್‌ನಲ್ಲೂ ಭಾರತದ ಇಬಿ-3ಯಲ್ಲಿ ಗ್ರೀನ್ ಕಾರ್ಡ್ ಕೈಗೆ ಕೊಡುವ ತಾರೀಖು 2013ರಲ್ಲೇ ನಿಂತಿತ್ತು. ಅಂದರೆ ಐದು ವರ್ಷದ ಹಿಂದೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ವೈದ್ಯಕೀಯ ಪರೀಕ್ಷೆ ಮುಗಿಸಿದವರಲ್ಲಿ ಎಷ್ಟೋ ಜನ ಇನ್ನೂ ಕಾಯುತ್ತಿದ್ದಾರೆ.

ಹೀಗೆ ಐ-485 ಬಾಕಿ ಇರುವವರಿಗೆ ಕಾಯುವ ಕಾಲದಲ್ಲಿ ದುಡಿಯಲು ಕೊಡುವ ಕಾರ್ಡೇ ಇಎಡಿ. ಅರ್ಜಿ ಐ-765, ವರ್ಗ ಸಿ9. ಊರಿಗೆ ಹೋಗಿ ಬರಲು ಕೊಡುವ ಒಪ್ಪಿಗೆಗೆ ಅಡ್ವಾನ್ಸ್ ಪೆರೋಲ್ ಎಂದು ಹೆಸರು. ನಮ್ಮವರ ಬಾಯಲ್ಲಿ ಅದು ಎಪಿ.

ಒಂದು ವಿಷಯವನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ಇರುವುದು ಬೇರೆ, ದುಡಿಯುವುದು ಬೇರೆ. ಐ-485 ಬಾಕಿ ಇರುವವರೆಗೆ ಅಮೆರಿಕದಲ್ಲಿ ಉಳಿಯಲು ಅನುಮತಿ ಇದೆ. ಇಎಡಿ ಮುಗಿದ ಮಾತ್ರಕ್ಕೆ ದೇಶ ಬಿಡಬೇಕಾಗಿಲ್ಲ, ಗ್ರೀನ್ ಕಾರ್ಡ್ ಅರ್ಜಿ ಬಿದ್ದುಹೋಗುವುದಿಲ್ಲ. ನಿಲ್ಲುವುದು ಕೆಲಸ ಮಾಡುವ ಹಕ್ಕು ಮಾತ್ರ. ಗಾಬರಿಯಲ್ಲಿ ಇವೆರಡನ್ನೂ ಒಂದೇ ಮಾಡಿಕೊಂಡು ನಿದ್ದೆಗೆಡುವವರು ತುಂಬಾ ಜನ.

ಕಳೆದುಹೋದ 90 ದಿನದ ಮಾತು

ಈ ಬದಲಾವಣೆಯ ಬಗ್ಗೆ ಬರುವ ಸುದ್ದಿಗಳಲ್ಲಿ ನನಗೆ ಕೊರತೆ ಅನ್ನಿಸುವುದು ಅದರ ಹಿಂದಿನ ಕಥೆ. ಅದು ಗೊತ್ತಾಗದಿದ್ದರೆ ಏನು ಹೋಯಿತು ಎಂಬುದೇ ಅರ್ಥವಾಗುವುದಿಲ್ಲ.

2017ಕ್ಕೆ ಮುಂಚೆ ವಲಸೆ ಸೇವಾ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ, ಒಂದು ಗಡುವು ಇತ್ತು. ಇಎಡಿ ಅರ್ಜಿಯನ್ನು 90 ದಿನದಲ್ಲಿ ತೀರ್ಮಾನಿಸಬೇಕು. ಆಗದಿದ್ದರೆ ತಾತ್ಕಾಲಿಕ ಇಎಡಿ ಕೊಡಬೇಕು. ನಿಯಮದ ಪುಸ್ತಕದಲ್ಲೇ ಹಾಗೆ ಬರೆದಿತ್ತು. ಪಾಲನೆ ಯಾವಾಗಲೂ ಚೆನ್ನಾಗಿತ್ತು ಎನ್ನಲಾರೆ. ಆದರೆ ಹೊಣೆ ಯಾರದು ಎಂಬುದರಲ್ಲಿ ಗೊಂದಲ ಇರಲಿಲ್ಲ.

2017ರ ಜನವರಿ 17ರಿಂದ ಹೊಸ ನಿಯಮ ಜಾರಿಗೆ ಬಂತು. ಇಲಾಖೆ ಆ 90 ದಿನದ ಗಡುವನ್ನು ತೆಗೆದುಹಾಕಿತು. ಅದರ ಬದಲಿಗೆ ಒಂದು ರಕ್ಷಣೆ ಕೊಟ್ಟಿತು. ಸಮಯಕ್ಕೆ ಸರಿಯಾಗಿ ನವೀಕರಣದ ಅರ್ಜಿ ಹಾಕಿದವರಿಗೆ ಹಳೆಯ ಕಾರ್ಡ್ ತಾನಾಗಿಯೇ 180 ದಿನ ಮುಂದುವರಿಯುತ್ತದೆ. ಕೊಡು-ಕೊಳ್ಳುವ ಲೆಕ್ಕ ಅಂದರೆ ಇದು. ನಮ್ಮ ಮೇಲಿನ ಗಡುವನ್ನು ತೆಗೆಯಿರಿ, ನಾವು ತಡ ಮಾಡಿದರೂ ನಿಮ್ಮ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳುತ್ತೇವೆ ಎಂಬ ಒಪ್ಪಂದ.

ಕೊರೊನಾ ಬಂದ ಮೇಲೆ ಬಾಕಿ ಅರ್ಜಿಗಳು ಗುಡ್ಡದಂತೆ ಬೆಳೆದವು. 180 ದಿನವೂ ಸಾಲದೆ ಜನ ಕೆಲಸ ಕಳೆದುಕೊಳ್ಳತೊಡಗಿದರು. 2022ರ ಮೇ ತಿಂಗಳಲ್ಲಿ ಅವಧಿಯನ್ನು ತಾತ್ಕಾಲಿಕವಾಗಿ 540 ದಿನಕ್ಕೆ ಏರಿಸಿದರು. 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹಾಗೇ ಮಾಡಬೇಕಾಯಿತು. ಹಾಗೆ ಮಾಡದಿದ್ದರೆ ಸುಮಾರು 8 ಲಕ್ಷ ಜನರ ಕೆಲಸದ ಅನುಮತಿ ಮಧ್ಯದಲ್ಲೇ ತುಂಡಾಗಬಹುದು, 60 ಸಾವಿರದಿಂದ 80 ಸಾವಿರ ಉದ್ಯೋಗದಾತರಿಗೂ ಪೆಟ್ಟು ಬೀಳಬಹುದು ಎಂದು ಆಗ ಇಲಾಖೆಯೇ ಅಂದಾಜು ಮಾಡಿತ್ತು. ಕೊನೆಗೆ 540 ದಿನವನ್ನು ಕಾಯಂ ಮಾಡುವ ನಿಯಮ 2025ರ ಜನವರಿ 13ರಂದು ಜಾರಿಯಾಯಿತು.

ಕಾಯಂ ಎಂದ ನಿಯಮ ಹತ್ತು ತಿಂಗಳೂ ಬಾಳಲಿಲ್ಲ. ಅಕ್ಟೋಬರ್ 30ರ ಮಧ್ಯಂತರ ನಿಯಮ ಸ್ವಯಂಚಾಲಿತ ವಿಸ್ತರಣೆಯನ್ನು ಕೆಲವು ಸಣ್ಣ ವಿನಾಯಿತಿ ಬಿಟ್ಟು ಪೂರ್ತಿ ತೆಗೆದುಹಾಕಿತು. ಅದಕ್ಕೆ ಮೊದಲು ಅರ್ಜಿ ಹಾಕಿದವರ ವಿಸ್ತರಣೆ ಹಾಗೇ ಉಳಿಯಿತು. ಸರ್ಕಾರ ಕೊಟ್ಟ ಕಾರಣ ಭದ್ರತೆ. ಪ್ರತಿ ಸಲ ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆಯೇ ಅನುಮತಿ ಮುಂದುವರಿಯಬೇಕು ಎಂಬ ವಾದ. ಅಮೆರಿಕದಲ್ಲಿ ಕೆಲಸ ಮಾಡುವುದು ಹಕ್ಕಲ್ಲ, ಸವಲತ್ತು ಎಂದು ಇಲಾಖೆಯ ನಿರ್ದೇಶಕ ಜೋಸೆಫ್ ಎಡ್ಲೋ ಹೇಳಿದರು.

ಪರಿಶೀಲನೆ ಬೇಡ ಎಂದು ಯಾರೂ ಹೇಳುತ್ತಿಲ್ಲ. ಯಾವ ದೇಶವಾದರೂ ಮಾಡಲೇಬೇಕಾದ ಕೆಲಸ ಅದು. ನನ್ನ ತಕರಾರು ಬೇರೆ. 2017ರಲ್ಲಿ 90 ದಿನದ ಗಡುವು ಹೋದದ್ದು ವಿಸ್ತರಣೆ ಸಿಕ್ಕಿತು ಎಂಬ ಕಾರಣಕ್ಕೆ. ಈಗ ವಿಸ್ತರಣೆ ಹೋಗಿದೆ. ಗಡುವು ವಾಪಸ್ ಬಂದಿಲ್ಲ. ಕೊಟ್ಟದ್ದನ್ನು ಕಿತ್ತುಕೊಂಡರು, ಪಡೆದದ್ದನ್ನು ಇಟ್ಟುಕೊಂಡರು. ಇವತ್ತು ಇಲಾಖೆ ಸಿ9 ನವೀಕರಣವನ್ನು ಇಂತಿಷ್ಟು ದಿನದಲ್ಲಿ ಮುಗಿಸಲೇಬೇಕು ಎಂಬ ಕಟ್ಟಳೆ ನಿಯಮದಲ್ಲಿ ಇಲ್ಲ, ತಡವಾದರೆ ಅರ್ಜಿದಾರನಿಗೆ ರಕ್ಷಣೆಯೂ ಇಲ್ಲ. ಭದ್ರತೆಯೇ ಮುಖ್ಯವಾದರೆ ಪರಿಶೀಲನೆಯನ್ನು ಬೇಗ ಮುಗಿಸುವ ಹೊಣೆಯನ್ನೂ ಅದರ ಜೊತೆಗೇ ಹೊರಬೇಕಲ್ಲವೇ?

ಹದಿನೆಂಟು ತಿಂಗಳ ಕಾರ್ಡ್

ಇದರ ಹಿಂದೆಯೇ ಇನ್ನೊಂದು ಪೆಟ್ಟು ಬಂತು. 2023ರ ಸೆಪ್ಟೆಂಬರ್‌ನಲ್ಲಿ ಸಿ9 ಇಎಡಿಯ ಗರಿಷ್ಠ ಅವಧಿಯನ್ನು 5 ವರ್ಷಕ್ಕೆ ಏರಿಸಿದ್ದರು. ಅದು ನಿಜಕ್ಕೂ ಒಳ್ಳೆಯ ನಿರ್ಧಾರ. ಸಾಲು ಹೇಗೂ ವರ್ಷಗಟ್ಟಲೆ ಇದೆ, ಕಾರ್ಡೂ ವರ್ಷಗಟ್ಟಲೆ ಇರಲಿ ಎಂಬ ಸರಳ ತರ್ಕ. 2025ರ ನವೆಂಬರ್ ಕೊನೆಯಲ್ಲಿ ವಾಷಿಂಗ್ಟನ್‌ನಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರ ಮೇಲೆ ಗುಂಡಿನ ದಾಳಿ ನಡೆಯಿತು. ಅದಾದ ಮೇಲೆ ನೀತಿ ಬದಲಾಯಿತು. ಡಿಸೆಂಬರ್ 5ರಿಂದ ಬಾಕಿ ಇದ್ದ ಮತ್ತು ಹೊಸದಾಗಿ ಬಂದ ಸಿ9 ಅರ್ಜಿಗಳಿಗೆ ಗರಿಷ್ಠ 18 ತಿಂಗಳು. ಆಗಲೇ ಕೈಯಲ್ಲಿದ್ದ 5 ವರ್ಷದ ಕಾರ್ಡ್‌ಗಳು ಅವುಗಳ ಮೇಲಿರುವ ತಾರೀಖಿನವರೆಗೆ ನಡೆಯುತ್ತವೆ.

ಈಗ ಲೆಕ್ಕ ಹಾಕೋಣ. ಕಾರ್ಡ್ 18 ತಿಂಗಳು. ಅದು ಮುಗಿಯುವ 180 ದಿನ ಮೊದಲಿನಿಂದ ನವೀಕರಣಕ್ಕೆ ಅರ್ಜಿ ಹಾಕಬಹುದು. ಅಂದರೆ ಕಾರ್ಡ್ ಶುರುವಾದ ಹನ್ನೆರಡನೇ ತಿಂಗಳಿಗೇ ಮುಂದಿನ ಅರ್ಜಿ. ಒಂದು ವರ್ಷ ನೆಮ್ಮದಿ, ಆರು ತಿಂಗಳು ಆತಂಕ. ಆ ಆರು ತಿಂಗಳಲ್ಲಿ ಕಾರ್ಡ್ ಬಂದರೆ ಸರಿ. ಎಂಟು ತಿಂಗಳು ಹಿಡಿದರೆ ಎರಡು ತಿಂಗಳು ಸಂಬಳವಿಲ್ಲ.

ಇನ್ನೂ ಒಂದು ಲೆಕ್ಕ ಇದೆ, ಅದು ಇಲಾಖೆಯದ್ದೇ. 5 ವರ್ಷ ಅಂದರೆ 60 ತಿಂಗಳು. ಒಬ್ಬ ವ್ಯಕ್ತಿಯ ಕಡತ 60 ತಿಂಗಳಲ್ಲಿ ಒಂದು ಸಲ ಬರುತ್ತಿದ್ದದ್ದು ಈಗ ಮೂರು ಸಲಕ್ಕಿಂತ ಜಾಸ್ತಿ ಬರುತ್ತದೆ. ಅದೇ ಮನುಷ್ಯ, ಅದೇ ಬೆರಳಚ್ಚು, ಅದೇ ಐ-485. ಅರ್ಜಿಗಳ ಸಂಖ್ಯೆ ಮೂರು ಪಟ್ಟು ಏರಿದರೆ ಮೇಜಿನ ಮೇಲಿನ ರಾಶಿಯೂ ಏರುತ್ತದೆ, ರಾಶಿ ಏರಿದರೆ ತಡವೂ ಏರುತ್ತದೆ. ಒಂದು ನಿಯಮ ತಡವನ್ನು ಹೆಚ್ಚಿಸುತ್ತದೆ. ಇನ್ನೊಂದು ನಿಯಮ ತಡದಿಂದ ಇದ್ದ ರಕ್ಷಣೆಯನ್ನು ತೆಗೆಯುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಆಡಳಿತದ ಸಣ್ಣ ಬದಲಾವಣೆಯಂತೆ ಕಾಣುತ್ತವೆ. ಕೂಡಿಸಿ ನೋಡಿದಾಗಲೇ ಅವು ಒಂದು ಮನೆಗೆ ಏನು ಮಾಡುತ್ತವೆ ಎಂಬುದು ಗೊತ್ತಾಗುವುದು.

ಶುಲ್ಕದ ವಿಷಯ ಹೇಳಿಬಿಡುತ್ತೇನೆ. ಐ-485ನ್ನು 2007ರ ಜುಲೈ 30ರಿಂದ 2024ರ ಮಾರ್ಚ್ 31ರ ಒಳಗೆ ಶುಲ್ಕ ಕಟ್ಟಿ ಹಾಕಿದ್ದವರಿಗೆ ಸಿ9 ನವೀಕರಣ ಉಚಿತ. 2024ರ ಏಪ್ರಿಲ್ 1ರಿಂದ ಈಚೆಗೆ ಹಾಕಿದವರು ಪ್ರತಿ ಸಲ 260 ಡಾಲರ್ ಕಟ್ಟಬೇಕು. ಹಣ ದೊಡ್ಡ ಮಾತಲ್ಲ ಎನ್ನಬಹುದು. ಆದರೆ ಗಂಡ ಹೆಂಡತಿ ಇಬ್ಬರಿಗೂ ಹದಿನೆಂಟು ತಿಂಗಳಿಗೊಮ್ಮೆ, ಜೊತೆಗೆ ವಕೀಲರ ಫೀಸು ಸೇರಿದರೆ ಅದೂ ಸಣ್ಣದಲ್ಲ.

ಎಚ್-1ಬಿ ಬಿಡಬೇಕೋ, ಇಟ್ಟುಕೊಳ್ಳಬೇಕೋ

ನನ್ನ ಪ್ರಕಾರ ಈಗ ಅತಿ ಮುಖ್ಯವಾದ ನಿರ್ಧಾರ ಇದೇ.

ಐ-485 ಹಾಕಿದವರಲ್ಲಿ ಹೆಚ್ಚಿನವರ ಬಳಿ ಎಚ್-1ಬಿ, ಅಂದರೆ ಕಂಪನಿ ಮಾಡಿಸಿಕೊಡುವ ತಾತ್ಕಾಲಿಕ ಕೆಲಸದ ವೀಸಾ, ಕೂಡ ಇರುತ್ತದೆ. 2000ನೇ ಇಸವಿಯ ಎಸಿ21 ಕಾಯ್ದೆಯಿಂದಾಗಿ ಐ-140 ಒಪ್ಪಿಗೆಯಾಗಿ ಸಾಲಿನಲ್ಲಿ ಕಾಯುತ್ತಿರುವವರಿಗೆ ಆರು ವರ್ಷದ ಮಿತಿ ದಾಟಿದ ಮೇಲೂ ಮೂರು ಮೂರು ವರ್ಷ ಎಚ್-1ಬಿ ವಿಸ್ತರಣೆ ಸಿಗುತ್ತದೆ. ಆದರೆ ಇಎಡಿ ಬಂದ ಕೂಡಲೇ ಕೆಲವು ಕಂಪನಿಗಳ ಎಚ್‌ಆರ್ ಹೇಳುವ ಮಾತು ಒಂದೇ. "ಇಎಡಿ ಇದೆಯಲ್ಲ, ಇನ್ನು ಎಚ್-1ಬಿ ಯಾಕೆ?" ಅವರಿಗೆ ಎಚ್-1ಬಿ ಅಂದರೆ ಶುಲ್ಕ, ವಕೀಲರು, ಕಾಗದಪತ್ರ. ಇಎಡಿ ಅಂದರೆ ಅದ್ಯಾವುದೂ ಇಲ್ಲ.

540 ದಿನದ ವಿಸ್ತರಣೆ ಇದ್ದಾಗ ಆ ಮಾತಿಗೆ ಅರ್ಥ ಇತ್ತು. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಚ್-1ಬಿ ಮುಗಿಯುವ ಮುಂಚೆ ಅದೇ ಕಂಪನಿ ವಿಸ್ತರಣೆಗೆ ಅರ್ಜಿ ಹಾಕಿದ್ದರೆ, ಅದು ಬಾಕಿ ಇರುವಾಗ 240 ದಿನದವರೆಗೆ ಕೆಲಸ ಮಾಡಬಹುದು. ಇಎಡಿಗೆ ಒಂದು ದಿನವೂ ಇಲ್ಲ. ಎಚ್-1ಬಿಗೆ ಪ್ರೀಮಿಯಂ ಪ್ರೊಸೆಸಿಂಗ್ ಇದೆ. 2,800 ಡಾಲರ್‌ಗಿಂತ ಜಾಸ್ತಿ ಖರ್ಚಾದರೂ 15 ಕೆಲಸದ ದಿನದಲ್ಲಿ ಇಲಾಖೆ ಏನಾದರೂ ಒಂದು ಉತ್ತರ ಕೊಡಬೇಕು. ಸಿ9 ಇಎಡಿಗೆ ಆ ದಾರಿ ಇಲ್ಲ. ದುಡ್ಡು ಕೊಡುತ್ತೇನೆ ಎಂದರೂ ಬೇಗ ಆಗುವುದಿಲ್ಲ. ಎಚ್-1ಬಿ ವೀಸಾ ಪಾಸ್‌ಪೋರ್ಟಿನಲ್ಲಿ ಇದ್ದರೆ ಎಪಿ ಇಲ್ಲದೆಯೂ ಊರಿಗೆ ಹೋಗಿ ಬರಬಹುದು. ಇಎಡಿ ಮೇಲಷ್ಟೇ ನಿಂತವರು ಎಪಿ ಇಲ್ಲದೆ ಹೊರಟರೆ ಐ-485ನ್ನೇ ಕೈಬಿಟ್ಟಂತೆ. ತಾಯಿಗೆ ಹುಷಾರಿಲ್ಲ ಎಂದು ರಾತ್ರಿ ಫೋನ್ ಬಂದಾಗ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಐ-485 ತಿರಸ್ಕಾರವಾದರೆ ಕೆಳಗೆ ನೆಲ ಬೇಕು. ಎಚ್-1ಬಿ ಇದ್ದವರಿಗೆ ಅದು ಇದೆ. ಇಲ್ಲದವರಿಗೆ ಇಲ್ಲ.

ಒಮ್ಮೆ ಬಿಟ್ಟರೆ ವಾಪಸ್ ಹೋಗುವುದು ಮೊದಲಿನಷ್ಟು ಸುಲಭವೂ ಅಲ್ಲ. 2025ರ ಸೆಪ್ಟೆಂಬರ್ 21ರಿಂದ, ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಎಂಬ ಅಧ್ಯಕ್ಷರ ಘೋಷಣೆ ಜಾರಿಗೆ ಬಂತು. ದೇಶದೊಳಗೇ ಇದ್ದು ವಿಸ್ತರಣೆ ಮಾಡಿಸಿಕೊಳ್ಳುವವರಿಗೆ ಅದು ತಟ್ಟುವುದಿಲ್ಲ ಎಂದು ಇಲಾಖೆ ಆಮೇಲೆ ಸ್ಪಷ್ಟ ಮಾಡಿತು. ಆದರೆ ಎಚ್-1ಬಿಯಿಂದ ಪೂರ್ತಿ ಹೊರಬಿದ್ದವರು ಮತ್ತೆ ಒಳಗೆ ಬರಲು ಕೆಲವು ಸಂದರ್ಭದಲ್ಲಿ ದೇಶದ ಹೊರಗೆ ಹೋಗಿ ಬರಬೇಕಾಗುತ್ತದೆ. ಆಗ ಈ ಪ್ರಶ್ನೆ ಎದುರಾಗಬಹುದು. ಆದ್ದರಿಂದ ಬಿಡುವ ಮುಂಚೆ ಒಬ್ಬ ವಲಸೆ ವಕೀಲರ ಹತ್ತಿರ ಕೂತು ಮಾತಾಡಿ. ಕಂಪನಿಯ ವಕೀಲರು ಕಂಪನಿಯ ಹಿತವನ್ನೂ ನೋಡಬೇಕು. ಅದು ಅವರ ತಪ್ಪಲ್ಲ. ನಿಮ್ಮ ಹಿತವನ್ನಷ್ಟೇ ನೋಡುವವರನ್ನು ಒಂದು ಗಂಟೆಗಾದರೂ ದುಡ್ಡು ಕೊಟ್ಟು ಕೇಳುವುದು ಒಳ್ಳೆಯದು.

ಇಎಡಿ ಕೈಯಲ್ಲಿದೆ ಅಂದ ಮಾತ್ರಕ್ಕೆ ಎಚ್-1ಬಿ ಹೋಗುವುದಿಲ್ಲ ಎಂಬುದನ್ನೂ ನೆನಪಿಡಿ. ಇಎಡಿ ಬಳಸಿ ಕೆಲಸ ಮಾಡಿದಾಗ ಹೋಗುತ್ತದೆ. ವಾರಾಂತ್ಯಕ್ಕೆ ಇರಲಿ ಎಂದು ಇಎಡಿ ತೋರಿಸಿ ಇನ್ನೊಂದು ಚಿಕ್ಕ ಕೆಲಸ ಹಿಡಿದರೂ ಸಾಕು, ಎಚ್-1ಬಿ ಸ್ಥಿತಿ ಮುರಿಯುತ್ತದೆ.

ಹೆಂಡತಿಯ ಕಾರ್ಡ್, ಗಂಡನ ನಿರ್ಧಾರ

ಎಚ್-1ಬಿ ಇಟ್ಟುಕೊಳ್ಳಿ ಎಂದು ಹೇಳುವುದು ಸುಲಭ. ಅದು ಇಲ್ಲದವರ ಗತಿ? ಎಚ್-1ಬಿ ಉದ್ಯೋಗಿಯ ಸಂಗಾತಿಗೆ, ನಮ್ಮಲ್ಲಿ ಹೆಚ್ಚಾಗಿ ಹೆಂಡತಿಗೆ, ಕೆಲಸ ಮಾಡಲು ಇರುವುದು ಇಎಡಿ ಮಾತ್ರ. ಈ ನಿಯಮದ ಪೂರ್ತಿ ಭಾರ ಬೀಳುವುದು ಅವಳ ಮೇಲೆ.

ಅವಳಿಗೆ ಎರಡು ಬಗೆಯ ಇಎಡಿ ಸಿಗಬಹುದು. ಒಂದು 2015ರ ಮೇ 26ರಂದು ಶುರುವಾದ ಎಚ್-4 ಇಎಡಿ, ವರ್ಗ ಸಿ26. ಎಚ್-4 ಅಂದರೆ ಎಚ್-1ಬಿಯವರ ಸಂಗಾತಿಗೆ ಸಿಗುವ ವೀಸಾ. ಇನ್ನೊಂದು ಅವಳದೇ ಐ-485 ಮೇಲೆ ಬರುವ ಸಿ9. ಎಚ್-4 ಇಎಡಿಯನ್ನು ರದ್ದು ಮಾಡಬೇಕೆಂಬ ಮೊಕದ್ದಮೆ ವರ್ಷಗಟ್ಟಲೆ ನಡೆದು, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹಾಗಾಗಿ ಅದು ಉಳಿದಿದೆ. ಆದರೆ ಅದೇ ತಿಂಗಳ ಕೊನೆಯಲ್ಲಿ ಬಂದ ಹೊಸ ನಿಯಮ ಸಿ26ರ ಸ್ವಯಂಚಾಲಿತ ವಿಸ್ತರಣೆಯನ್ನೂ ತೆಗೆಯಿತು.

ಕಂಪನಿಯೊಳಗಿನ ವರ್ಗಾವಣೆಯ ವೀಸಾ ಎಲ್-1ರಲ್ಲಿ ಬಂದವರ ಸಂಗಾತಿಯ ಸ್ಥಿತಿ ನೋಡಿ. 2021ರ ನವೆಂಬರ್‌ನಲ್ಲಿ ಒಂದು ಮೊಕದ್ದಮೆ ರಾಜಿಯಾದ ಮೇಲೆ ಅವರಿಗೆ ಕೆಲಸ ಮಾಡಲು ಇಎಡಿಯೇ ಬೇಡ. ದೇಶದೊಳಗೆ ಬಂದದ್ದರ ದಾಖಲೆಯಾದ ಐ-94ರ ಮೇಲೆ ಎಲ್-2ಎಸ್ ಎಂದಿದ್ದರೆ ಸಾಕು. ಅದೇ ನಗರ, ಅದೇ ಬಗೆಯ ಕೆಲಸ, ಗಂಡನ ವೀಸಾದ ಅಕ್ಷರ ಮಾತ್ರ ಬೇರೆ. ಒಬ್ಬಳಿಗೆ ಕಾರ್ಡೇ ಬೇಡ, ಇನ್ನೊಬ್ಬಳಿಗೆ ಕಾರ್ಡ್ ಒಂದು ದಿನ ತಡವಾದರೂ ಕೆಲಸವಿಲ್ಲ. ಈ ವ್ಯತ್ಯಾಸಕ್ಕೆ ಭದ್ರತೆಯ ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಇಲ್ಲಿ ಮನೆಯವರೆಲ್ಲ ಕೂತು ನೋಡಬೇಕಾದ ಒಂದು ಗಂಟು ಇದೆ. ಗಂಡ ಎಚ್-1ಬಿ ಬಿಟ್ಟು ಇಎಡಿ ಮೇಲೆ ಹೊಸ ಕೆಲಸಕ್ಕೆ ಹೋದರೆ ಹೆಂಡತಿಯ ಎಚ್-4 ಕೂಡ ಹೋಗುತ್ತದೆ. ಎಚ್-4 ಹೋದರೆ ಸಿ26 ಕಾರ್ಡಿಗೆ ಬುಡವಿಲ್ಲ. ಅವಳು ಪೂರ್ತಿ ಸಿ9 ಮೇಲೆ ನಿಲ್ಲಬೇಕಾಗುತ್ತದೆ. ಗಂಡ ಎಚ್-1ಬಿ ಉಳಿಸಿಕೊಂಡರೆ ಅವಳಿಗೆ ಎರಡು ಹಗ್ಗ. ಸಿ9 ತಡವಾದಾಗ ಸಿ26 ಕೈಯಲ್ಲಿರಬಹುದು. ಎರಡಕ್ಕೂ ಅರ್ಜಿ ಹಾಕುವುದು ಖರ್ಚು, ತಲೆನೋವು ನಿಜ. ಸಿ26ಕ್ಕೆ ಪೂರ್ತಿ ಶುಲ್ಕ ಬೇರೆ, ಆನ್‌ಲೈನ್ ಆದರೆ 470 ಡಾಲರ್, ಕಾಗದದಲ್ಲಿ 520. ಆದರೂ ಸಾಧ್ಯವಿರುವವರು ಎರಡನ್ನೂ ಇಟ್ಟುಕೊಳ್ಳುವುದೇ ಸರಿ ಎಂದು ನನಗನ್ನಿಸುತ್ತದೆ. ಎರಡರ ತಾರೀಖೂ ಒಂದೇ ತಿಂಗಳಲ್ಲಿ ಬೀಳದಿದ್ದರೆ ಇನ್ನೂ ಒಳ್ಳೆಯದು.

ಗಂಡನ ಕೆಲಸ ಬದಲಾವಣೆ ಗಂಡನ ವಿಷಯ ಎಂದು ಸುಮ್ನೆ ಬಿಟ್ಟುಬಿಡಬೇಡಿ. ಆ ಒಂದು ಸಹಿಯಲ್ಲಿ ಹೆಂಡತಿಯ ಸಂಬಳವೂ ಇದೆ.

ಅರ್ಜಿ ಹಾಕುವಾಗ

ದೊಡ್ಡ ನಿಯಮಗಳು ನಮ್ಮ ಕೈಯಲ್ಲಿಲ್ಲ. ಸಣ್ಣ ತಪ್ಪುಗಳು ಇವೆ, ಅವು ಈಗ ಮೊದಲಿಗಿಂತ ದುಬಾರಿ. ರಿಸೀಟ್ ರಕ್ಷಣೆ ಇದ್ದ ಕಾಲದಲ್ಲಿ ಅರ್ಜಿ ಒಮ್ಮೆ ವಾಪಸ್ ಬಂದರೂ ಮತ್ತೆ ಹಾಕಿ ಸುಧಾರಿಸಿಕೊಳ್ಳಬಹುದಿತ್ತು. ಈಗ ಒಂದು ತಿಂಗಳು ಹಾಳಾದರೆ ಅದು ಒಂದು ತಿಂಗಳ ಸಂಬಳ.

180 ದಿನದ ತಾರೀಖನ್ನು ಇವತ್ತೇ ಎಣಿಸಿ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಅದಕ್ಕಿಂತ ಮೊದಲು ಹಾಕಿದರೆ ಉಪಯೋಗವಿಲ್ಲ. ಅದಾದ ಮೇಲೆ ಕಳೆಯುವ ಪ್ರತಿ ವಾರವೂ ನಷ್ಟ. ಅರ್ಜಿಯಲ್ಲಿ ವರ್ಗ ಸಿ9 ಎಂದೇ ಇರಬೇಕು. ಹಳೆಯ ಕಾರ್ಡಿನ ಎರಡೂ ಬದಿಯ ಪ್ರತಿ ಮತ್ತು ಐ-485ರ ರಿಸೀಟ್ ಪ್ರತಿ ಇಡಬೇಕು. ಶುಲ್ಕ ಕಟ್ಟಬೇಕಾದವರು ಗಮನಿಸಿ, 2025ರ ಅಕ್ಟೋಬರ್ 28ರ ನಂತರ ಇಲಾಖೆ ಕಾಗದದ ಚೆಕ್ ತೆಗೆದುಕೊಳ್ಳುತ್ತಿಲ್ಲ. ಕಾರ್ಡಿನಿಂದ ಕಟ್ಟಲು ಜಿ-1450, ಬ್ಯಾಂಕ್ ಖಾತೆಯಿಂದ ಕಟ್ಟಲು ಜಿ-1650 ಫಾರಂ. ಹಳೆಯ ಅಭ್ಯಾಸದಲ್ಲಿ ಚೆಕ್ ಇಟ್ಟರೆ ಇಡೀ ಕವರ್ ವಾಪಸ್ ಬರುತ್ತದೆ.

ಮನೆ ಬದಲಿಸಿದವರು 10 ದಿನದೊಳಗೆ ಎಆರ್-11 ಫಾರಂ ಮೂಲಕ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು. ಅಂಚೆ ಕಚೇರಿಗೆ ಹೇಳಿದ್ದೇನೆ, ಅವರೇ ಹೊಸ ಮನೆಗೆ ಕಳಿಸುತ್ತಾರೆ ಎಂದು ನಂಬಿ ಕೂರಬೇಡಿ. ಇಎಡಿ ಕಾರ್ಡ್ ಹಾಗೆ ಮುಂದೆ ಹೋಗದೆ ಇಲಾಖೆಗೇ ವಾಪಸ್ ಹೋಗುತ್ತದೆ. ಎಷ್ಟೋ ತಿಂಗಳು ಕಾದು, ಒಪ್ಪಿಗೆಯೂ ಆಗಿ, ಕಾರ್ಡ್ ಮಾತ್ರ ಹಳೆಯ ಮನೆಯ ಬಾಗಿಲಿಂದ ಹಿಂದಿರುಗಿದರೆ ಆ ಸಂಕಟ ಯಾರಿಗೂ ಬೇಡ. ಬೆರಳಚ್ಚಿಗೆ ಕರೆದರೆ ಆ ದಿನ ತಪ್ಪಿಸಬೇಡಿ.

ಡ್ರೈವಿಂಗ್ ಲೈಸೆನ್ಸ್ ಕಡೆಗೂ ಒಂದು ಕಣ್ಣಿರಲಿ. ತಾತ್ಕಾಲಿಕ ಅನುಮತಿಯಲ್ಲಿ ಇರುವವರ ರಿಯಲ್ ಐಡಿ (ಫೆಡರಲ್ ಸರ್ಕಾರದ ಮಾನದಂಡದ) ಲೈಸೆನ್ಸ್ ಅವರ ವಲಸೆ ದಾಖಲೆಯ ಅವಧಿಗೆ ತಕ್ಕ ಹಾಗೆ ಇರುತ್ತದೆ. ಹಾಗಾಗಿ 18 ತಿಂಗಳ ಕಾರ್ಡ್ ತೋರಿಸಿದವರಿಗೆ ಲೈಸೆನ್ಸ್ ಕೂಡ ಚಿಕ್ಕದಾಗಬಹುದು.

ಎಚ್‌ಆರ್ ಜೊತೆ ಮೊದಲೇ ಮಾತಾಡಿ. ಉದ್ಯೋಗಿಗೆ ಕೆಲಸದ ಅನುಮತಿ ಇದೆಯೇ ಎಂದು ಕಂಪನಿ ಖಚಿತಪಡಿಸಿಕೊಳ್ಳುವ ಐ-9 ಫಾರಂನ ಮರುಪರಿಶೀಲನೆ ಕಾರ್ಡ್ ಮುಗಿಯುವ ದಿನದೊಳಗೆ ಆಗಬೇಕು ಎಂಬುದು ಕಾನೂನು. 1986ರಿಂದ ಪ್ರತಿ ಉದ್ಯೋಗದಾತರ ಮೇಲೂ ಈ ಹೊಣೆ ಇದೆ. ಆದರೆ ಕಾರ್ಡ್ ಇನ್ನೂ ನಾಲ್ಕು ತಿಂಗಳು ಇರುವಾಗಲೇ, ಮುಂದೆ ಏನಾಗುತ್ತದೋ ಎಂದು ಕೆಲಸದಿಂದ ತೆಗೆಯುವಂತಿಲ್ಲ. ಯಾವ ದಾಖಲೆ ತೋರಿಸಬೇಕು ಎಂದು ಆರಿಸುವುದು ಉದ್ಯೋಗಿ, ಕಂಪನಿಯಲ್ಲ. ಈ ಬಗ್ಗೆ ತಾರತಮ್ಯ ಆದರೆ ದೂರು ಕೇಳಲು ನ್ಯಾಯ ಇಲಾಖೆಯಲ್ಲಿ ಇಮಿಗ್ರೆಂಟ್ ಅಂಡ್ ಎಂಪ್ಲಾಯಿ ರೈಟ್ಸ್ ಎಂಬ ವಿಭಾಗ ಇದೆ. ಸಿಟ್ಟಿನಿಂದ ಮಾತಾಡುವ ಅಗತ್ಯವಿಲ್ಲ. ಎಷ್ಟೋ ಎಚ್‌ಆರ್‌ಗಳಿಗೆ ನಿಯಮವೇ ಸರಿಯಾಗಿ ಗೊತ್ತಿರುವುದಿಲ್ಲ. ಮುಂಚೆಯೇ ಹೇಳಿದರೆ ಸಂಬಳವಿಲ್ಲದ ರಜೆ ಸಿಗುತ್ತದೆಯೇ, ವಿಮೆ ಮುಂದುವರಿಯುತ್ತದೆಯೇ, ಎಚ್-1ಬಿಗೆ ಮರಳಬಹುದೇ ಎಂದು ವಿಚಾರಿಸಲು ಸಮಯ ಸಿಗುತ್ತದೆ.

ತಾರೀಖು ಹತ್ತಿರ ಬಂದೂ ಕಾರ್ಡ್ ಬರದಿದ್ದರೆ ತುರ್ತು ಪರಿಗಣನೆಗೆ ಕೇಳಬಹುದು. ತೀವ್ರ ಆರ್ಥಿಕ ನಷ್ಟ ಅದಕ್ಕೆ ಇರುವ ಕಾರಣಗಳಲ್ಲಿ ಒಂದು. ಒಪ್ಪುವುದು ಬಿಡುವುದು ಇಲಾಖೆಯ ಕೈಯಲ್ಲಿದೆ. ಕೆಲಸ ಹೋಗುತ್ತದೆ ಎಂದು ಬರೆದರಷ್ಟೇ ಸಾಲದು, ದಾಖಲೆ ಬೇಕು. ನಿಮ್ಮ ಕ್ಷೇತ್ರದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ಕಚೇರಿಗೂ ಬರೆಯಿರಿ. ಮತ ಇಲ್ಲದವರ ಮಾತು ಕೇಳುತ್ತಾರಾ ಎಂದು ಹಿಂಜರಿಯಬೇಡಿ. ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು, ಒಂದು ಒಪ್ಪಿಗೆ ಪತ್ರ ಬರೆಸಿಕೊಂಡು ಇಲಾಖೆಯನ್ನು ವಿಚಾರಿಸುತ್ತಾರೆ. ತಡ ವಿಪರೀತವಾದರೆ ಇಲಾಖೆ ತೀರ್ಮಾನ ಕೊಡುವಂತೆ ಆದೇಶಿಸಿ ಎಂದು ಫೆಡರಲ್ ಕೋರ್ಟಿನಲ್ಲಿ ಮ್ಯಾಂಡಮಸ್ ಮೊಕದ್ದಮೆ ಹೂಡುವ ದಾರಿಯೂ ಇದೆ. ಅದು ಖರ್ಚಿನ ದಾರಿ.

ಕಾರ್ಡ್ ಮುಗಿದೇಹೋದರೆ

ಕೆಲಸ ನಿಲ್ಲಿಸಿ. ಇದರಲ್ಲಿ ನಡುದಾರಿ ಇಲ್ಲ. ಸಂಬಳ ಆಮೇಲೆ ತಗೊಳ್ತೀನಿ, ಈಗ ಸುಮ್ನೆ ಮಾಡಿಕೊಡ್ತೀನಿ ಎನ್ನುವಂತಿಲ್ಲ. ಲ್ಯಾಪ್‌ಟಾಪ್ ತೆರೆದು ಒಂದೆರಡು ಮೇಲ್‌ಗೆ ಉತ್ತರ ಕೊಡುವುದೂ ಕೆಲಸವೇ.

ಒಂದು ಸಮಾಧಾನದ ಮಾತಿದೆ. ಇಬಿ-1, ಇಬಿ-2, ಇಬಿ-3 ವರ್ಗದಲ್ಲಿ ಐ-485 ಹಾಕಿದವರಿಗೆ ವಲಸೆ ಕಾನೂನಿನ 245(ಕೆ) ಕಲಂ ಒಂದಿಷ್ಟು ಕ್ಷಮೆ ಕೊಡುತ್ತದೆ. ಕೊನೆಯ ಸಲ ಸರಿಯಾದ ರೀತಿಯಲ್ಲಿ ದೇಶದೊಳಗೆ ಬಂದ ಮೇಲೆ, ಅನುಮತಿ ಇಲ್ಲದೆ ಕೆಲಸ ಮಾಡಿದ್ದು, ಸ್ಥಿತಿ ತಪ್ಪಿದ್ದು ಎಲ್ಲ ಸೇರಿ 180 ದಿನ ಮೀರದಿದ್ದರೆ ಅದರಿಂದ ಗ್ರೀನ್ ಕಾರ್ಡ್ ನಿಲ್ಲುವುದಿಲ್ಲ. ಗೊತ್ತಿಲ್ಲದೆ ಒಂದು ವಾರ ಜಾಸ್ತಿ ಕೆಲಸ ಮಾಡಿಬಿಟ್ಟವರು ಎಲ್ಲ ಮುಗಿಯಿತು ಎಂದು ಕುಸಿಯಬೇಕಾಗಿಲ್ಲ. ಆದರೆ ಆ ಲೆಕ್ಕದಲ್ಲಿ ಶನಿವಾರ, ಭಾನುವಾರ, ರಜೆ ಎಲ್ಲವೂ ಸೇರುತ್ತವೆ. ಹಿಂದೆ ಯಾವಾಗಲೋ ಆದ ತಪ್ಪುಗಳೂ ಸೇರಬಹುದು. ಅದನ್ನು ನಂಬಿ ಕೆಲಸ ಮುಂದುವರಿಸುವುದು ಬೇಡ, ಕಂಪನಿಯೂ ಅದಕ್ಕೆ ಒಪ್ಪುವಂತಿಲ್ಲ.

ಆ ದಿನಗಳಲ್ಲಿ ಇಲಾಖೆಯ ಆನ್‌ಲೈನ್ ಖಾತೆಯನ್ನು ದಿನಕ್ಕೊಮ್ಮೆ ನೋಡುತ್ತಿರಿ. ಕಾರ್ಡ್ ತಯಾರಾಗುತ್ತಿದೆ ಎಂಬ ಸಂದೇಶ ಬಂದ ಮೇಲೆ ಅಂಚೆಯ ಟ್ರ್ಯಾಕಿಂಗ್ ನಂಬರ್ ಸಿಗುತ್ತದೆ. ಕಾರ್ಡ್ ಕೈಗೆ ಬಂದಾಗ ಮೊದಲು ಹೆಸರು, ಹುಟ್ಟಿದ ದಿನ, ವರ್ಗ ಸರಿಯಿದೆಯೇ ನೋಡಿ. ಆಮೇಲೆ ಎಚ್‌ಆರ್‌ಗೆ ತೋರಿಸಿ ಐ-9 ಮುಗಿಸಿ. ಕಾರ್ಡಿನ ಅವಧಿ ಶುರುವಾಗಿದ್ದರೆ ಅವತ್ತೇ ಕೆಲಸಕ್ಕೆ ಕೂರಬಹುದು. ಸಂಜೆ ಮನೆಗೆ ಬಂದು, ಆ ಕಾರ್ಡ್ ಮುಗಿಯುವ ತಾರೀಖಿನಿಂದ 180 ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರ್‌ನಲ್ಲಿ ಮತ್ತೆ ಗುರುತು ಹಾಕಿ.